ಪ್ರತಿಕ್ರಿಯೆ: ಟೂರ್ ಕಂಪನಿ ವಿಲೀನ, ಕಟ್ಟಿದ ಮುಂಗಡ ಏನಾಗುತ್ತೆ?

ನೀವು ಮುಂಗಡ ಕಟ್ಟಿದ್ದ ಹಳೇ ಟೂರ್ ಕಂಪನಿ ಪೈಪೋಟಿಯವರ ಜೊತೆ ವಿಲೀನವಾದ ಮೇಲೆ ಜಯನಗರದ ಕಚೇರಿಯವರು "ನಿಮ್ಮ ಸಿಂಗಪುರ ಬುಕಿಂಗ್ ಸಿಸ್ಟಮ್‌ನಲ್ಲಿ ಇಲ್ಲ, ಹೊಸ ದರ ಕಟ್ಟಿ" ಅಂದರು ಅಂತ ಬರೆದಿದ್ದೀರಿ. ಬಹುಶಃ ಹಳೇ ಬುಕಿಂಗ್ ನಂಬರ್ ಹೊಸ ಸಾಫ್ಟ್‌ವೇರಿಗೆ ಇನ್ನೂ ಏರಿಲ್ಲ, ಅಷ್ಟೇ.

ಮೊದಲು ರಸೀದಿಯಲ್ಲಿ ಸಣ್ಣಕ್ಷರದಲ್ಲಿರೋ ಸಿಐಎನ್ ನಂಬರನ್ನು (ಕಂಪನಿಯ ನೋಂದಣಿ ಸಂಖ್ಯೆ) ಕೇಂದ್ರ ಕಂಪನಿ ವ್ಯವಹಾರ ಸಚಿವಾಲಯದ (ಎಂಸಿಎ) ವೆಬ್‌ಸೈಟಿನಲ್ಲಿ ಹಾಕಿ ನೋಡಿ. "ಅಮಾಲ್ಗಮೇಟೆಡ್" (ವಿಲೀನಗೊಂಡಿದೆ) ಅಂತ ಬಂದರೆ ಅರ್ಧ ಕೆಲಸ ಆಯ್ತು: ಕಂಪನಿ ಕಾಯ್ದೆ 2013ರ ಸೆಕ್ಷನ್ 232ರಡಿ ಆದ ವಿಲೀನದಲ್ಲಿ ಹಳೇ ಕಂಪನಿಯ ಹೊಣೆಗಳು ಸಾಮಾನ್ಯವಾಗಿ ಹೊಸದರ ತಲೆಗೇ ಬರುತ್ತವೆ. "ಆಕ್ಟಿವ್" ಅಂತಿದ್ದರೆ ಷೇರು ಕೈಬದಲಾಗಿರಬಹುದು, ಬರೀ ಬ್ರ್ಯಾಂಡ್ ಮಾರಿರಬಹುದು. ಯಾವುದು ಅಂತ ನಿಮ್ಮ ಬರಹದಿಂದ ತಿಳಿಯಲಿಲ್ಲ. ಆಗ ಹಳೇ ಕಂಪನಿ, ಹೊಸ ಕಂಪನಿ ಇಬ್ಬರಿಗೂ ಬರೆಯಿರಿ.

ಕೌಂಟರಿನ ಹುಡುಗನ ಜೊತೆ ವಾದ ಬೇಡ, ಪಾಪ ಅವನ ಕೈಲಿ ಏನೂ ಇಲ್ಲ. ಕುಂದುಕೊರತೆ ಇಮೇಲಿಗೆ ರಸೀದಿ ಕಳಿಸಿ, ಹಳೇ ದರಕ್ಕೆ ಲಿಖಿತ ದೃಢೀಕರಣ ಇಲ್ಲವೇ ಪೂರ್ತಿ ಹಣ ವಾಪಸ್ ಕೇಳಿ. ವಿದೇಶ ಪ್ಯಾಕೇಜ್ ಅಲ್ವಾ, ಕಂಪನಿ ನಿಮ್ಮಿಂದ ಟಿಸಿಎಸ್ (ಮಾರುವವರೇ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟೋ ತೆರಿಗೆ) ಹಿಡಿದಿದ್ದರೆ, ಅದು ನಿಮ್ಮ ಹೆಸರಿಗೆ ಜಮಾ ಆಗಿದ್ದನ್ನು ತೋರಿಸೋ ಆದಾಯ ತೆರಿಗೆಯ 26ಎಎಸ್ ಪಟ್ಟಿ ಕೂಡ ಲಗತ್ತಿಸಿ, ಅದು ಗಟ್ಟಿ ಸಾಕ್ಷಿ. ವಿಮಾನ ದರ, ಡಾಲರ್ ಏರಿದರೆ ಹೆಚ್ಚುವರಿ ಕೇಳಬಹುದು ಅನ್ನೋ ಷರತ್ತು ಹಳೇ ಕರಾರಿನಲ್ಲಿದೆಯಾ ನೋಡಿಕೊಳ್ಳಿ. ಹೊಸ ಫಾರಮ್ಮಿಗೆ ಮಾತ್ರ ಈಗಲೇ ಸಹಿ ಹಾಕಬೇಡಿ.

ಜವಾಬು ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದಕ್ಕೂ ಬಗ್ಗದಿದ್ದರೆ ಗ್ರಾಹಕ ದೂರುಗಳ ಸರ್ಕಾರಿ ಇ-ಜಾಗೃತಿ ಪೋರ್ಟಲ್ ಮೂಲಕ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಿ. ಕಟ್ಟಿದ್ದು 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ.