ಆರ್ಟ್ಸ್ ಕಾಲೇಜಿನಲ್ಲಿ ಎಂಜಿನಿಯರಿಂಗ್?

ಪ್ರಶ್ನೆ: ದ್ವಿತೀಯ ಪಿಯುಸಿಯಲ್ಲಿ ಪಿಸಿಎಂಬಿ ಓದುತ್ತಿರುವ ನನ್ನ ಮಗಳು, ಅಮೆರಿಕದ ಸ್ವಾರ್ತ್‌ಮೋರ್ ಎಂಬ ಲಿಬರಲ್ ಆರ್ಟ್ಸ್ ಕಾಲೇಜಿನಲ್ಲಿ ಎಂಜಿನಿಯರಿಂಗ್ ಮಾಡುತ್ತೇನೆಂದು ಹಟ ಹಿಡಿದಿದ್ದಾಳೆ. ಆರ್ಟ್ಸ್ ಕಾಲೇಜು ಕೊಡುವ ಎಂಜಿನಿಯರಿಂಗ್ ಪದವಿಗೆ ಬೆಲೆ ಇರುತ್ತದೆಯೇ?
— ಒಬ್ಬ ತಂದೆ, ಹಾಸನ

ಉತ್ತರ: ನಿಮ್ಮನ್ನು ಗೊಂದಲಕ್ಕೆ ಕೆಡವಿರುವುದು ‘ಆರ್ಟ್ಸ್’ ಎಂಬ ಪದ. ಎಸ್ಸೆಸ್ಸೆಲ್ಸಿ ಮುಗಿದೊಡನೆ ಕಲೆ, ವಾಣಿಜ್ಯ, ವಿಜ್ಞಾನ ಎಂದು ದಾರಿ ಕವಲೊಡೆಯುವ ನಮ್ಮಲ್ಲಿ ಅದು ವಿಜ್ಞಾನಕ್ಕೆ ಸೇರದ್ದು. ಅಲ್ಲಿ ಅದೇ ಹೆಸರಿನ ಅಡಿಯಲ್ಲಿ ಗಣಿತ, ಭೌತವಿಜ್ಞಾನಗಳೂ ಬರುತ್ತವೆ. 2006ರಲ್ಲಿ ಭೌತವಿಜ್ಞಾನದ ನೊಬೆಲ್ ಹಂಚಿಕೊಂಡ ಜಾನ್ ಮ್ಯಾಥರ್ ಇದೇ ಸ್ವಾರ್ತ್‌ಮೋರ್‌ನ ಪದವೀಧರರು.

ಫಿಲಡೆಲ್ಫಿಯಾ ನಗರದ ಸಮೀಪವಿರುವ ಈ ಕಾಲೇಜಿನ ಎಂಜಿನಿಯರಿಂಗ್ ಪದವಿಗೆ, ಅಂಥ ಪದವಿಗಳ ಗುಣಮಟ್ಟ ಪರಿಶೀಲಿಸುವ ಅಮೆರಿಕದ ಸಂಸ್ಥೆಯಾದ ಎಬೆಟ್‌ನ ಮಾನ್ಯತೆ ಇದೆ, ಆದ್ದರಿಂದ ಬೆಲೆಯ ಬಗ್ಗೆ ಅನುಮಾನ ಬೇಡ. ನೀವು ಯೋಚಿಸಬೇಕಾದದ್ದು ಬೇರೆಯದೇ ವಿಷಯ: ಆ ಪದವಿಗೆ ಶಾಖೆ ಇಲ್ಲ. ನಮ್ಮ ಸಿಇಟಿಯಲ್ಲಿ ಸೀಟಿನ ಜೊತೆಗೇ ಸಿವಿಲ್, ಮೆಕ್ಯಾನಿಕಲ್ ಎಂದು ನಿರ್ಧಾರವಾಗಿಬಿಡುತ್ತದೆ. ಅಲ್ಲಿ ಪದವಿಯ ಹೆಸರು ಬರೀ ‘ಎಂಜಿನಿಯರಿಂಗ್’. ನಾಲ್ಕು ವರ್ಷಗಳಲ್ಲಿ, ಸೆಮಿಸ್ಟರಿಗೆ ನಾಲ್ಕರಂತೆ, ಸುಮಾರು 32 ಕೋರ್ಸುಗಳನ್ನು ಮುಗಿಸಬೇಕು. ಎಂಜಿನಿಯರಿಂಗ್, ಗಣಿತ, ವಿಜ್ಞಾನಗಳು ಅವುಗಳಲ್ಲಿ ಹೆಚ್ಚಿನ ಪಾಲನ್ನು ತೆಗೆದುಕೊಂಡರೂ ಉಳಿದ ಜಾಗ ಚಿಕ್ಕದೇನಲ್ಲ; ಬೆಳಿಗ್ಗೆ ಉಷ್ಣಗತಿಶಾಸ್ತ್ರದ ಲೆಕ್ಕ ಬಿಡಿಸಿದವಳು ಮಧ್ಯಾಹ್ನ ತತ್ವಶಾಸ್ತ್ರದ ತರಗತಿಯಲ್ಲಿ ಪ್ಲೇಟೋನ ಬಗ್ಗೆ ವಾದಕ್ಕೆ ಕೂರಬಹುದು. ಸ್ನಾತಕೋತ್ತರ ವಿದ್ಯಾರ್ಥಿಗಳು ಇಲ್ಲದಿರುವುದರಿಂದ ಪ್ರಾಧ್ಯಾಪಕರ ಪ್ರಯೋಗಾಲಯದಲ್ಲಿ ಕೈಜೋಡಿಸುವ ಅವಕಾಶ ಪದವಿ ವಿದ್ಯಾರ್ಥಿಗಳಿಗೇ ಸಿಗುತ್ತದೆ. ನನ್ನ ದೃಷ್ಟಿಯಲ್ಲಿ ಇಂಥ ಕಾಲೇಜಿನ ನಿಜವಾದ ಲಾಭ ಇದೇ.

ಆದರೆ ವಿಮಾನದ ಎಂಜಿನ್ ಬಿಟ್ಟು ಬೇರೇನೂ ತಲೆಗೆ ಹೋಗದ ಹುಡುಗಿಯಾದರೆ (ಅಂಥವರೂ ಇದ್ದಾರೆ, ಅದು ತಪ್ಪೂ ಅಲ್ಲ) ಆಕೆಗೆ ದೊಡ್ಡ ವಿಶ್ವವಿದ್ಯಾಲಯವೇ ಸರಿ. ಓದು ಮುಗಿಸಿ ಊರಿಗೆ ಮರಳಿ, ನಿರ್ದಿಷ್ಟ ಶಾಖೆಯ ಪದವಿಯನ್ನೇ ಕೇಳುವ ಸರ್ಕಾರಿ ಹುದ್ದೆಗೆ ಅರ್ಜಿ ಹಾಕುವ ಯೋಚನೆಯಿದ್ದರೆ, ಈ ಶಾಖೆಯಿಲ್ಲದ ಪದವಿ ತೊಡಕಾಗಬಹುದು.

ಇನ್ನು, ಲಿಬರಲ್ ಆರ್ಟ್ಸ್ ಕಾಲೇಜುಗಳೆಲ್ಲ ಎಂಜಿನಿಯರಿಂಗ್ ಕಲಿಸುವುದಿಲ್ಲ. ಎಷ್ಟೋ ಕಡೆ ಇರುವುದು ‘3-2’ ಏರ್ಪಾಡು: ಮೂರು ವರ್ಷ ಅಲ್ಲಿ, ಎರಡು ವರ್ಷ ಬೇರೊಂದು ವಿಶ್ವವಿದ್ಯಾಲಯದಲ್ಲಿ ಓದಿ ಎರಡು ಪದವಿ ಪಡೆಯುವುದು. ಐದನೆಯ ವರ್ಷದ ಖರ್ಚು, ಎರಡನೆಯ ಸಂಸ್ಥೆಯಲ್ಲಿ ವಿದೇಶಿ ವಿದ್ಯಾರ್ಥಿಗೆ ಸಿಗುವ ನೆರವು, ಇವೆರಡನ್ನೂ ಬರಹದಲ್ಲಿ ಕೇಳಿ ಪಡೆಯದೆ ಇದಕ್ಕೆ ಒಪ್ಪಬೇಡಿ.

ಸ್ವಾರ್ತ್‌ಮೋರ್‌ನ ಖರ್ಚು, ಊಟ ವಸತಿ ಸೇರಿ, ವರ್ಷಕ್ಕೆ 80,000 ಡಾಲರ್ ಮೀರುತ್ತದೆ. ಪ್ರವೇಶ ಕೊಟ್ಟವರ ಹಣಕಾಸಿನ ಅಗತ್ಯವನ್ನು, ಅಂದರೆ ಕುಟುಂಬಕ್ಕೆ ಭರಿಸಲಾಗದ ಪಾಲನ್ನು, ಕಾಲೇಜು ಪೂರ್ತಿ ಭರಿಸುತ್ತದಾದರೂ, ವಿದೇಶಿ ಅರ್ಜಿದಾರರಿಗೆ ಪ್ರವೇಶ ಕೊಡಬೇಕೇ ಬೇಡವೇ ಎಂದು ತೀರ್ಮಾನಿಸುವಾಗ ಆ ಅಗತ್ಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ನೆರವು ಬೇಕಿದ್ದರೆ ಅರ್ಜಿಯ ಜೊತೆಯಲ್ಲೇ ಕೇಳಿಬಿಡಿ; ಸೀಟು ಸಿಕ್ಕ ಮೇಲೆ ನೋಡೋಣ ಎಂಬ ನಮ್ಮ ರೂಢಿ ಅಲ್ಲಿ ನಡೆಯದು.