ಕೋಡುಬಳೆಯ ಫೋಟೋ, ಕಾರ್ಡಿನ ಸಾಲ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದ ಹಾಗೆ ಊರು, ವಯಸ್ಸು, ಮನೆಯ ವಿವರಗಳನ್ನು ಬದಲಿಸಿದೆ.)

ಹಳೇ ಮೈಸೂರು ಕಡೆಯ ಒಂದು ಜಿಲ್ಲಾ ಕೇಂದ್ರ. ನಲವತ್ತೆರಡರ ಗೃಹಿಣಿ, ಇಲ್ಲಿ 'ಕ' ಎನ್ನೋಣ. ಗಂಡ ಸರ್ಕಾರಿ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕ. ಒಬ್ಬಳೇ ಮಗಳು ಇಂಜಿನಿಯರಿಂಗ್ ಸೇರಿ ಹಾಸ್ಟೆಲಿಗೆ ಹೋಗಿ ವರ್ಷ ತುಂಬಿದೆ. 'ಕ' ನಮ್ಮ ಬಳಿ ಆಪ್ತಸಲಹೆಗೆ ಬಂದಾಗ ಹೇಳಿಕೊಂಡ ತೊಂದರೆ ನಿದ್ದೆಯದು: ರಾತ್ರಿ ಒಂದೂವರೆಯವರೆಗೂ ಫೋನ್ ನೋಡ್ತೀನಿ, ಬೆಳಿಗ್ಗೆ ಏಳೋಕಾಗಲ್ಲ, ಮೈಯೆಲ್ಲ ಭಾರ. ಏನು ನೋಡುತ್ತೀರಿ ಎಂದು ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಫೋನನ್ನೇ ತೆರೆದು ಮೇಜಿನ ಮೇಲಿಟ್ಟರು.

ಡಿಗ್ರಿ ಗೆಳತಿಯರ ವಾಟ್ಸಾಪ್ ಗುಂಪು, 23 ಜನ. ದಿನಕ್ಕೆ ಮೂರು ನಾಲ್ಕು ಸಲ 'ಕ' ಅದರಲ್ಲಿ ಏನಾದರೂ ಹಾಕುತ್ತಿದ್ದರು. ಅರ್ಧ ಬೆಲೆಗೆ ಸಿಕ್ಕ ಸ್ಟೀಲ್ ಡಬ್ಬಿಗಳ ಸೆಟ್ಟು, ಕುಕ್ಕರಿನಲ್ಲಿ ಮಾಡಿದ ರಾಗಿ ಕೇಕು, ಎರಡು ಕೊಂಡರೆ ಒಂದು ಉಚಿತ ಎಂಬ ಎಣ್ಣೆ ಕ್ಯಾನಿನ ಲಿಂಕು. ಮೊದಮೊದಲು 'ಸೂಪರ್ ಕಣೇ', 'ನನಗೂ ಒಂದು ತರಿಸೇ' ಎಂದು ಸಾಲುಸಾಲು ಉತ್ತರ ಬರುತ್ತಿತ್ತು. ಈಗ ಬರುವುದು ಕಡಿಮೆಯಾಗಿದೆ. ಮೆಸೇಜನ್ನು ಒತ್ತಿ ಹಿಡಿದು ಇನ್ಫೋ ತೆಗೆದು, ಯಾರ್ಯಾರು ಓದಿದ್ದಾರೆಂದು ಎಣಿಸುವುದು ಅವರಿಗೆ ಅಭ್ಯಾಸವಾಗಿತ್ತು. ನಮ್ಮೆದುರೇ ತೆಗೆದು ತೋರಿಸಿದರು. ಹಿಂದಿನ ದಿನ ಸಂಜೆ 4.10ಕ್ಕೆ ಹಾಕಿದ ಕೋಡುಬಳೆಯ ಫೋಟೋ. ಓದಿದವರು 19 ಜನ, ಉತ್ತರ ಕೊಟ್ಟವರು ಯಾರೂ ಇಲ್ಲ. "ನಾನೇನು ತಪ್ಪು ಮಾಡಿದೆ ಹೇಳಿ" ಎಂದರು.

ಇಂಥ ಪ್ರಕರಣದಲ್ಲಿ ಫೋನ್ ಬಿಡಿ, ಕೊಳ್ಳುವುದು ಬಿಡಿ ಎಂದು ಮೊದಲ ದಿನವೇ ಹೇಳಬಾರದು. ಹೇಳಿದರೆ ಅವರು ಮುಚ್ಚಿಡುವುದನ್ನು ಕಲಿಯುತ್ತಾರೆ, ಅಷ್ಟೇ. ಮೊದಲು ಬೇರೆ ಕಾಯಿಲೆ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಎರಡು ಮೂರು ಗಂಟೆ ಮಲಗಿದರೂ ಆಯಾಸವೇ ಇಲ್ಲದೆ, ಮಾತು ಹೆಚ್ಚಾಗಿ, ಕೈ ಬಿಚ್ಚಿ ಖರ್ಚು ಮಾಡುವ ದಿನಗಳು ಬಂದುಹೋಗಿದ್ದರೆ ಅದು ಬೈಪೋಲಾರ್ ಕಾಯಿಲೆಯ (ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ಏರಿಳಿಯುವ ಕಾಯಿಲೆ) ಲಕ್ಷಣವಿರಬಹುದು, ಮನೋವೈದ್ಯರ ಬಳಿಗೇ ಕಳಿಸಬೇಕು. 'ಕ' ಅವರಿಗೆ ಹಾಗಿರಲಿಲ್ಲ, ನಿದ್ದೆಗೆಟ್ಟರೆ ಮರುದಿನ ಸೋತುಹೋಗುತ್ತಿದ್ದರು. ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ 27ಕ್ಕೆ 8 ಬಂತು, ಅಂದರೆ ಸೌಮ್ಯ ಮಟ್ಟ. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದೆವು. ಇಲ್ಲ ಎಂದರು. ಆದರೂ ಮಾನಸಿಕ ಆರೋಗ್ಯದ ಟೆಲಿ ಮನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಬರೆದು ಕೊಟ್ಟೆವು.

ಆಮೇಲೆ ಕೊಟ್ಟದ್ದು ಒಂದು ವಾರದ ಲೆಕ್ಕದ ಕೆಲಸ. 100 ಹಾಳೆಯ ನೋಟ್‌ಬುಕ್ಕಿನಲ್ಲಿ ಐದು ಕಲಂ: ಗಂಟೆ, ಅದಕ್ಕೆ ಮುಂಚೆ ಏನು ಮಾಡುತ್ತಿದ್ದಿರಿ, ಏನು ಹಾಕಿದಿರಿ ಅಥವಾ ಕೊಂಡಿರಿ, ಎಷ್ಟು ರೂಪಾಯಿ, ಮನಸ್ಸು ಎಷ್ಟು ಭಾರ (ಸೊನ್ನೆಯಿಂದ ಹತ್ತು). ಕೊನೆಯ ಕಲಮನ್ನು ಮಾತ್ರ ಹಾಕುವ ಅಥವಾ ಕೊಳ್ಳುವ ಮುಂಚೆ ಒಮ್ಮೆ, ಆದ ತಕ್ಷಣ ಒಮ್ಮೆ, ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ ಬರೆಯಬೇಕು. ತಿದ್ದಿಕೊಳ್ಳುವ ಯತ್ನ ಈ ವಾರ ಬೇಡ, ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ ಎಂದೆವು. ಪುಸ್ತಕ ವಾಪಸ್ ಬಂದಾಗ 22 ನಮೂದುಗಳಿದ್ದವು. ಅವುಗಳಲ್ಲಿ 15 ಮಧ್ಯಾಹ್ನ ಮೂರರಿಂದ ಐದರ ನಡುವಿನವು. 'ಮುಂಚೆ ಏನು ಮಾಡುತ್ತಿದ್ದಿರಿ' ಎಂಬ ಕಲಮಿನಲ್ಲಿ ಹೆಚ್ಚಿನ ಕಡೆ ಒಂದೇ ಮಾತು: 'ಕಾಫಿ ಮಾಡಿಕೊಂಡು ಕೂತಿದ್ದೆ.' ಅದು ಮಗಳು ಕಾಲೇಜಿನಿಂದ ಮನೆಗೆ ಬರುತ್ತಿದ್ದ ಹೊತ್ತು. ಪುಟ ಓದುತ್ತ ಓದುತ್ತ ಅವರೇ ಅದನ್ನು ಕಂಡುಕೊಂಡರು, ನಾವು ಬಾಯಿ ಹಾಕಬೇಕಾಗಲಿಲ್ಲ. ಲಿಂಕು ಹಾಕಿದ ತಕ್ಷಣ ಏಳು ಇದ್ದ ಭಾರ ನಾಲ್ಕಕ್ಕೆ ಇಳಿಯುತ್ತಿತ್ತು. ಅರ್ಧ ಗಂಟೆ ಉತ್ತರ ಬಾರದಿದ್ದರೆ ಎಂಟಕ್ಕೆ ಏರುತ್ತಿತ್ತು.

ನಿಜವಾದ ಮಾತು ಹೊರಬಂದದ್ದು ಎರಡನೇ ಭೇಟಿಯಲ್ಲಿ, ಮತ್ತೆ ಅದೇ ಕೋಡುಬಳೆಯಿಂದ. 'ಒಂದೇ ಚಮಚ ಎಣ್ಣೆ, ಏರ್ ಫ್ರೈಯರ್ ಕೋಡುಬಳೆ' ಎಂದು ಎರಡು ತಿಂಗಳ ಹಿಂದೆಯೂ ಒಂದು ಫೋಟೋ ಹಾಕಿದ್ದರು. ಅದರಲ್ಲಿದ್ದದ್ದು ಬಾಣಲೆಯಲ್ಲಿ ಎಣ್ಣೆಗೆ ಬಿಟ್ಟು ಕರಿದ ಕೋಡುಬಳೆ. ಫ್ರೈಯರಿನಲ್ಲಿ ಮಾಡಿದ್ದು ಕಲ್ಲಾಗಿ, ಮೈಯೆಲ್ಲ ಬಿರುಕು ಬಿಟ್ಟು, ಯಜಮಾನರು ಒಂದನ್ನು ಕಚ್ಚಿ ಬದಿಗಿಟ್ಟಿದ್ದರು. ಆ ಫೋಟೋ ನೋಡಿ ಇಬ್ಬರು ಗೆಳತಿಯರು ತಲಾ 4,299 ರೂಪಾಯಿ ಕೊಟ್ಟು ಅದೇ ಫ್ರೈಯರ್ ತರಿಸಿಕೊಂಡರು. ಒಬ್ಬರು 'ನನ್ನದು ಗಟ್ಟಿಯಾಗ್ತಿದೆ, ಏನು ಮಾಡಲೇ' ಎಂದು ಮೂರು ಸಲ ಕೇಳಿದ್ದರು. 'ಕ' ಉತ್ತರ ಕೊಟ್ಟಿರಲಿಲ್ಲ. ಇದನ್ನು ಹೇಳುವಾಗ ಅತ್ತರು.

ಇದನ್ನು ಮೋಸ ಎಂದು ಹೆಸರಿಟ್ಟು ಕೂತರೆ ಕೆಲಸ ಕೆಡುತ್ತದೆ, ಏನೂ ಆಗಿಲ್ಲ ಎಂದು ತೇಲಿಸಿದರೂ ಕೆಡುತ್ತದೆ. ಗುಂಪಿನ ಮೌನಕ್ಕೆ ಇದೂ ಒಂದು ಕಾರಣವಿರಬಹುದು ಎಂದು ಅವರ ಮನಸ್ಸಿಗೆ ಆಗಲೇ ಹೊಳೆದಿತ್ತು. ಸರಿಪಡಿಸುವ ದಾರಿ ಚಿಕ್ಕದೇ: ಆದದ್ದನ್ನು ಆದ ಹಾಗೆ ಬರೆಯುವುದು. ಕೂತಲ್ಲೇ ಕರಡು ಮಾಡಿದೆವು. "ಆ ಕೋಡುಬಳೆ ನಾನು ಎಣ್ಣೆಯಲ್ಲೇ ಕರಿದಿದ್ದು ಕಣ್ರೇ. ಫ್ರೈಯರಿನಲ್ಲಿ ನನ್ನದೂ ಕಲ್ಲಾಯಿತು. ಹೇಳೋಕೆ ನಾಚಿಕೆಯಾಯಿತು. ನನ್ನ ಮಾತು ಕೇಳಿ ಕೊಂಡವರು ಬೇಜಾರು ಮಾಡ್ಕೋಬೇಡಿ, ಅದರಲ್ಲಿ ಏನು ಚೆನ್ನಾಗಿ ಬರುತ್ತೆ ಅಂತ ಒಂದೊಂದೇ ಮಾಡಿ ನೋಡಿ ಹೇಳ್ತೀನಿ." ಸಮರ್ಥನೆ ಇಲ್ಲ, ಅತಿಯಾದ ಕ್ಷಮೆಯೂ ಇಲ್ಲ. ಇಬ್ಬರಿಗೆ ಮೊದಲು ಖುದ್ದಾಗಿ ಫೋನ್ ಮಾಡಿ, ಆಮೇಲೆ ಗುಂಪಿಗೆ ಹಾಕಿ ಎಂದು ಸಲಹೆ ಕೊಟ್ಟೆವು. ಈ ಅನುಕ್ರಮ ತಪ್ಪಬಾರದು, ದುಡ್ಡು ಕಳೆದುಕೊಂಡವರು ಎಲ್ಲರ ಜೊತೆ ಸುದ್ದಿ ತಿಳಿದರೆ ನೋವು ಇಮ್ಮಡಿಯಾಗುತ್ತದೆ.

ಅಡುಗೆ ಹಾಕುವುದನ್ನು ನಿಲ್ಲಿಸಲು ಹೇಳಲಿಲ್ಲ. ಅವರ ಕೈ ನಿಜಕ್ಕೂ ಒಳ್ಳೆಯದು, ಅದು ಅವರಿಗೆ ಆಸರೆ. ಹಾಕುವ ರೀತಿ ಮಾತ್ರ ಬದಲಾಗಲಿ ಎಂದೆವು: ಅಳತೆ ಇಲ್ಲದೆ ಯಾವ ಫೋಟೋವೂ ಹೋಗಬಾರದು. ಕಪ್ಪು ಎಂದರೆ ಒಬ್ಬರ ಮನೆಯಲ್ಲಿ 240 ಮಿಲಿ ಅಳತೆ ಕಪ್ಪು, ಇನ್ನೊಬ್ಬರ ಮನೆಯಲ್ಲಿ 150 ಮಿಲಿಯ ಕಾಫಿ ಲೋಟ. ಹಿಟ್ಟನ್ನು ಒಂದರಲ್ಲಿ, ನೀರನ್ನು ಇನ್ನೊಂದರಲ್ಲಿ ಅಳೆದರೆ ಹದ ತಪ್ಪಿತು ಎಂದೇ ಲೆಕ್ಕ. ಹಾಗಾಗಿ ಗ್ರಾಂ ಇಲ್ಲವೇ ಮಿಲಿಯಲ್ಲಿ ಬರೆಯಬೇಕು. ಕೆಟ್ಟದ್ದನ್ನೂ, ಯಾಕೆ ಕೆಟ್ಟಿತು ಎಂಬುದನ್ನೂ ಜೊತೆಗೇ ಬರೆಯಬೇಕು. ಮುಂದಿನ ವಾರ ಅವರು ತಂದ ಟಿಪ್ಪಣಿ ಹೀಗಿತ್ತು: ಅಕ್ಕಿಹಿಟ್ಟು 200 ಗ್ರಾಂ, ಹುರಿಗಡಲೆ ಪುಡಿ 50, ಚಿರೋಟಿ ರವೆ 50, ಕಾಯಿಸಿದ ಎಣ್ಣೆ ಮೂರು ದೊಡ್ಡ ಚಮಚ. ಒಂದು ಚಮಚ ಎಣ್ಣೆ ಸಾಲದು, ಅಕ್ಕಿಹಿಟ್ಟು ಬಿಸಿಗಾಳಿಗೆ ಒಣಗಿ ಬಿರುಕು ಬಿಡುತ್ತದೆ. ಕಿರುಬೆರಳಿಗಿಂತ ಸಣ್ಣಗೆ ಹೊಸೆದು, ಮೇಲೆ ಎಣ್ಣೆ ಸವರಿ, ಒಂದರ ಮೇಲೊಂದು ಬೀಳದಂತೆ ಇಟ್ಟು 160 ಡಿಗ್ರಿಯಲ್ಲಿ 12 ನಿಮಿಷ, ತಿರುವಿ ಹಾಕಿ 180ರಲ್ಲಿ ನಾಲ್ಕು ನಿಮಿಷ. ಕೊನೆಯ ಸಾಲು: 'ಇದು ಬಿಸ್ಕತ್ತಿನ ಹಾಗೆ ಬರುತ್ತೆ. ಕರಿದ ಕೋಡುಬಳೆಯ ರುಚಿ ಬೇಕಾದರೆ ಬಾಣಲೆಯೇ ಸರಿ.' ಆ ಸಾಲಿಗೆ ಗುಂಪಿನಲ್ಲಿ ಏಳು ಜನ ಮಾತಾಡಿದರಂತೆ.

ಇನ್ನು ದುಡ್ಡು. ಸಗಟಿಗೆ ತರಿಸಿದರೆ ಅಗ್ಗ ಎಂದು ಗೆಳತಿಯರ ಪಾಲನ್ನೂ 'ಕ' ತಮ್ಮ ಕ್ರೆಡಿಟ್ ಕಾರ್ಡಿನಲ್ಲೇ ಕಟ್ಟುತ್ತಿದ್ದರು. ಬಾಕಿ 43,800. ಐದು ತಿಂಗಳಿಂದ ಕನಿಷ್ಠ ಮೊತ್ತವಷ್ಟೇ ಕಟ್ಟುತ್ತಿದ್ದಾರೆ. ಗಂಡನಿಗೆ ಗೊತ್ತಿಲ್ಲ. ಹಾಳೆಯ ಮೇಲೆ ಲೆಕ್ಕ ಹಾಕಿದೆವು: ಅವರ ಕಾರ್ಡಿಗೆ ತಿಂಗಳಿಗೆ ಶೇ. 3.5 ಬಡ್ಡಿ, ಅಂದರೆ 1,533. ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ 276. ಕನಿಷ್ಠ ಮೊತ್ತ ಶೇ. 5ರಂತೆ 2,190. ಅಷ್ಟು ಕಟ್ಟಿದರೆ ಅಸಲಿನಲ್ಲಿ ಕಡಿಮೆಯಾಗುವುದು 381 ರೂಪಾಯಿ. ಬಾಕಿ ಉಳಿಸಿಕೊಂಡಿರುವವರೆಗೆ ಹೊಸದಾಗಿ ಕೊಂಡದ್ದಕ್ಕೂ ಬಡ್ಡಿಯಿಲ್ಲದ ದಿನಗಳು ಸಿಗುವುದಿಲ್ಲ, ಕೊಂಡ ದಿನದಿಂದಲೇ ಬಡ್ಡಿ ಓಡುತ್ತದೆ. 300 ರೂಪಾಯಿ ಉಳಿಸಿದೆ ಎಂದುಕೊಂಡ ಡಬ್ಬಿ ಸೆಟ್ಟು ಆ ಉಳಿತಾಯವನ್ನು ಎಂದೋ ತಿಂದುಹಾಕಿತ್ತು.

ಅವರ ಹೆಸರಿನಲ್ಲಿ 22,000 ರೂಪಾಯಿಯ ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಠೇವಣಿ) ಇತ್ತು. ಅದು ವರ್ಷಕ್ಕೆ ಶೇ. 7 ತರುತ್ತದೆ, ಕಾರ್ಡು ಶೇ. 42 ಎಳೆಯುತ್ತದೆ. ಆರ್‌ಡಿ ಮುರಿಸಿ ಕಾರ್ಡಿಗೆ ಕಟ್ಟಿ ಎಂದೆವು. ಗೆಳತಿಯರಿಂದ ಬರಬೇಕಾದದ್ದು ಆರು ಜನರಿಂದ 11,350. ಅದೂ ಬಂದರೆ ಉಳಿಯುವುದು 10,450, ಮೂರು ತಿಂಗಳಲ್ಲಿ ತೀರಿಸಬಹುದು. ಸಾಲ ಮುಗಿಯುವವರೆಗೆ ಕಾರ್ಡು ಬೀರುವಿನಲ್ಲಿರಲಿ, ಆ್ಯಪ್‌ಗಳಲ್ಲಿ ಉಳಿಸಿಟ್ಟ ಕಾರ್ಡನ್ನು ಅಳಿಸಿ.

ದುಡ್ಡು ಕೇಳುವುದು ಅವರಿಗೆ ಎಲ್ಲಕ್ಕಿಂತ ಕಷ್ಟವಾಯಿತು. "ಕೇಳಿದರೆ ದೂರ ಆಗಿಬಿಡ್ತಾರೆ" ಎಂಬ ಹೆದರಿಕೆ. ಗುಂಪಿನಲ್ಲಿ ಎಲ್ಲರೆದುರು ಕೇಳಬೇಡಿ, ಒಬ್ಬೊಬ್ಬರಿಗೆ ಬೇರೆಬೇರೆ ಬರೆಯಿರಿ, ವಸ್ತು, ತಿಂಗಳು, ಮೊತ್ತ, ಕೊನೆಯ ದಿನ ನಾಲ್ಕೂ ಇರಲಿ ಎಂದು ಹೇಳಿ ಮಾದರಿ ಕೊಟ್ಟೆವು: "ಜುಲೈನಲ್ಲಿ ತರಿಸಿದ ಕಬ್ಬಿಣದ ತವಾದ 1,150 ನನ್ನ ಕಾರ್ಡಿನಲ್ಲೇ ಇದೆ ಕಣೇ, ಬಡ್ಡಿ ಬೀಳ್ತಿದೆ. 10ನೇ ತಾರೀಕಿನೊಳಗೆ ಹಾಕಿಬಿಡು." ಮುಂದೆ ಸಗಟಿಗೆ ತರಿಸುವುದಾದರೆ ದುಡ್ಡು ಕೈಗೆ ಬಂದವರ ಪಾಲು ಮಾತ್ರ.

ಅಗ್ಗದ ಲಿಂಕು ಹಾಕುವ ಮೊದಲು ನೋಡಬೇಕಾದದ್ದನ್ನೂ ಮಾತಾಡಿದೆವು. ಗೀಟು ಹಾಕಿದ ಎಂಆರ್‌ಪಿ ತಯಾರಕರು ಮುದ್ರಿಸುವ ಗರಿಷ್ಠ ಬೆಲೆ, ಅಂಗಡಿಯಲ್ಲಿ ಮಾರುವ ಬೆಲೆಯಲ್ಲ. ಆದ್ದರಿಂದ ಶೇ. 60 ರಿಯಾಯಿತಿ ಎಂಬುದನ್ನು ಬಿಟ್ಟು, ಊರಿನ ಪಾತ್ರೆ ಅಂಗಡಿಯ ಬೆಲೆಗೆ ಹೋಲಿಸಿ. ಎಣ್ಣೆ, ಬೇಳೆಯಾದರೆ ಲೀಟರಿಗೆ, ಕಿಲೋಗೆ ಎಷ್ಟು ಬಿತ್ತೆಂದು ನೋಡಿ. 'ಇನ್ನು 10 ನಿಮಿಷ ಮಾತ್ರ' ಎಂದು ಓಡುವ ಗಡಿಯಾರ ಸುಳ್ಳಾಗಿದ್ದರೆ, ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರಲ್ಲಿ ಪಟ್ಟಿ ಮಾಡಿದ 13 ವಂಚಕ ವಿನ್ಯಾಸಗಳಲ್ಲಿ (ಕೊಳ್ಳುವವರನ್ನು ದಾರಿ ತಪ್ಪಿಸುವ ಆನ್‌ಲೈನ್ ತಂತ್ರಗಳು, 'ಡಾರ್ಕ್ ಪ್ಯಾಟರ್ನ್') ಅದೂ ಸೇರುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ತಮಗಾಗಿ ಕೊಳ್ಳುವುದಾದರೆ ವಿಶ್‌ಲಿಸ್ಟಿಗೆ ಹಾಕಿ ಮೂರು ದಿನ ಬಿಡಬೇಕು.

ಮೂರನೇ ಭೇಟಿಗೆ ಯಜಮಾನರೂ ಬಂದರು. ಲೆಕ್ಕದ ಹಾಳೆಯನ್ನು ಮೊದಲು ಅವರ ಕೈಗೆ ಕೊಟ್ಟು, ಮಾತು ಆಮೇಲೆ ಎಂದು ತೀರ್ಮಾನಿಸಿಕೊಂಡಿದ್ದೆವು. "ರೀ, ನಿಮಗೆ ಹೇಳದೆ ಇಷ್ಟಾಗಿದೆ. ತೀರಿಸೋ ದಾರಿಯೂ ಬರೆದಿದ್ದೀನಿ, ನೋಡಿ." ಅವರು ಎರಡು ಸಲ ಓದಿದರು. ಸಿಟ್ಟು ಬಂದಿತ್ತು, ಅಡಗಿಸಲಿಲ್ಲ. ಆದರೆ ಕೇಳಿದ ಮೊದಲ ಪ್ರಶ್ನೆ ಸಾಲದ್ದಲ್ಲ. "ನಾಲ್ಕು ಗಂಟೆಗೆ ನನಗೆ ಫೋನ್ ಮಾಡೋಕೆ ಏನಾಗಿತ್ತು?" ಎಂದರು. ಅದನ್ನೇ ಹಿಡಿದು ಮಧ್ಯಾಹ್ನದ ಆ ಹೊತ್ತಿಗೆ ಹೊಸ ಕ್ರಮ ಹಾಕಿಕೊಂಡೆವು: ಸೋಮವಾರ, ಗುರುವಾರ ಮಗಳಿಗೆ ವಿಡಿಯೋ ಕಾಲ್, ಬುಧವಾರ ಅದೇ ಊರಿನಲ್ಲಿರುವ ಇಬ್ಬರು ಗೆಳತಿಯರಲ್ಲಿ ಒಬ್ಬರ ಮನೆಗೆ ಮಾಡಿದ ತಿಂಡಿ ತೆಗೆದುಕೊಂಡು ಹೋಗುವುದು. ಮಿಕ್ಕ ದಿನ ಹಾಕಬೇಕೆನಿಸಿದರೆ ಒಂದೇ ಪೋಸ್ಟ್, ಹಾಕಿದ ಮೇಲೆ ಇನ್ಫೋ ತೆಗೆಯದೆ ಒಂದು ಗಂಟೆ. ರಾತ್ರಿ ಹತ್ತರ ನಂತರ ಫೋನ್ ಹಾಲ್‌ನಲ್ಲಿ ಚಾರ್ಜಿಗೆ.

ಎರಡು ತಿಂಗಳ ನಂತರ ಬಂದಾಗ ನಿದ್ದೆ ಹನ್ನೊಂದಕ್ಕೆ ಬರುತ್ತಿತ್ತು, ಪ್ರಶ್ನಾವಳಿಯ ಅಂಕ 4. ಇನ್ಫೋ ನೋಡುವುದು ಪೂರ್ತಿ ನಿಂತಿಲ್ಲ, ದಿನಕ್ಕೊಮ್ಮೆ ಕೈ ಹೋಗುತ್ತದೆ ಎಂದರು. ಫ್ರೈಯರ್ ಕೊಂಡ ಇಬ್ಬರಲ್ಲಿ ಒಬ್ಬರು ನಕ್ಕು ಬಿಟ್ಟರು, ಇನ್ನೊಬ್ಬರು ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ. ಐದು ಜನ ದುಡ್ಡು ಹಾಕಿದ್ದಾರೆ. ಆರನೆಯವರಿಂದ 1,900 ಬರಬೇಕು. ಅವರಿಗೆ ಇನ್ನೊಂದೇ ಸಲ ತಾರೀಕು ಹಾಕಿ ಬರೆಯಿರಿ, ಬಾರದಿದ್ದರೆ ಪುಸ್ತಕದಲ್ಲಿ ಗೀಟು ಎಳೆದುಬಿಡಿ, ಅವರ ಪಾಲಿಗೆ ಮತ್ತೆ ತರಿಸಬೇಡಿ ಎಂದು ಹೇಳಿ, ಮುಂದಿನ ಭೇಟಿಯನ್ನು ಆರು ವಾರ ಬಿಟ್ಟು ಗೊತ್ತುಮಾಡಿದೆವು.