ಹಾಸನದಲ್ಲಿ ಎಲ್‌ಎಲ್‌ಬಿ ಓದುತ್ತಿದ್ದೇನೆ. ಬಡವರಿಗೆ ಉಚಿತ ಕಾನೂನು ನೆರವು ಕೊಡುವ ಕೆಲಸದಲ್ಲಿ ಈಗಲೇ ಸೇರಬಹುದೇ?

ಖಂಡಿತ ಸೇರಬಹುದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರೆ ಕಾನೂನು ಸ್ವಯಂಸೇವಕರಾಗಲು ಅರ್ಜಿ ಯಾವಾಗ ಕರೆಯುತ್ತಾರೆಂದು ಕೇಳಿ. ವಕೀಲರಾಗಿ ನೋಂದಣಿಯಾಗುವವರೆಗೆ ಕಾನೂನು ವಿದ್ಯಾರ್ಥಿಗಳಿಗೂ ಅದರಲ್ಲಿ ಅವಕಾಶವಿದೆ. ಆಯ್ಕೆಯಾದರೆ ತರಬೇತಿಯನ್ನೂ ಅವರೇ ಕೊಡುತ್ತಾರೆ. ಬೇಲೂರು, ಅರಸೀಕೆರೆ ಕಡೆಯವರಾದರೆ ಅಲ್ಲಿನ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿದರೂ ಆಯಿತು.

ಸನ್ನದು, ಅಂದರೆ ವಕೀಲಿಕೆಯ ಪರವಾನಗಿ, ಇಲ್ಲದೆ ಕೋರ್ಟಿನಲ್ಲಿ ವಾದ ಮಾಡುವಂತಿಲ್ಲ. ಹಾಗಾದರೆ ನಿಮ್ಮಿಂದೇನು ಉಪಯೋಗ ಅಂತೀರಾ? 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು ಇವರಿಗೆಲ್ಲ ಆದಾಯ ಎಷ್ಟೇ ಇರಲಿ, ಉಚಿತವಾಗಿ ವಕೀಲರನ್ನು ಪಡೆಯುವ ಹಕ್ಕಿದೆ. ಆದರೆ ಸಕಲೇಶಪುರದ ಕಾಫಿ ತೋಟದಲ್ಲಿ ಕೂಲಿ ಮಾಡುವ ಹೆಂಗಸಿಗೆ ಇದನ್ನು ಹೇಳುವವರು ಯಾರು? ಗೊತ್ತಾದರೂ ಅರ್ಜಿ ಬರೆದು, ಆಧಾರ್ ಪ್ರತಿ ಜೋಡಿಸಿ ಕಚೇರಿ ಮುಟ್ಟಿಸುವವರು ಯಾರು? ಆ ಕೆಲಸ ನಿಮ್ಮದು. ಕಾಲೇಜಿನ ಅಣಕು ನ್ಯಾಯಾಲಯ ಸ್ಪರ್ಧೆಯಲ್ಲಿ ಗೆದ್ದ ಕಪ್‌ಗಿಂತ ಇಂಥ ನಾಲ್ಕು ಅರ್ಜಿ ಹೆಚ್ಚು ಕಲಿಸುತ್ತವೆ ಅನ್ನೋದು ನನ್ನ ಅಭಿಪ್ರಾಯ.

ನಿಮ್ಮ ಕಾಲೇಜಿನಲ್ಲಿ ಕಾನೂನು ನೆರವು ಘಟಕ ಇದ್ದರೆ ಅಲ್ಲಿಂದ ಶುರು ಮಾಡುವುದು ಇನ್ನೂ ಸುಲಭ. ಕಾನೂನು ನೆರವಿನ ಸಹಾಯವಾಣಿ 15100ರ ಸಂಖ್ಯೆಯನ್ನಂತೂ ಇವತ್ತೇ ನೆನಪಿಟ್ಟುಕೊಳ್ಳಿ, ಊರಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ.